ಆಫ್ರಿಕದ ಏಡ್ಸ್ ರೋಗಿಗಳಿಗೆ ಕೊಟ್ಟ ದುಡ್ಡು ಎಲ್ಲಿಗೆ ಮುಟ್ಟಿತು?

ಪ್ರಶ್ನೆ: ನಾನು ತಿಪಟೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ಡಿಸೆಂಬರ್ 1ಕ್ಕೆ, ವಿಶ್ವ ಏಡ್ಸ್ ದಿನದಂದು, ಅವನ ಆಫೀಸಿನಲ್ಲಿ ಆಫ್ರಿಕದ ರೋಗಿಗಳಿಗೆಂದು ಹಣ ಎತ್ತುತ್ತಾರೆ. ‘ಕೊಡಲೋ ಬೇಡವೋ ಅಪ್ಪಾ’ ಅಂತ ಈ ಸಲ ಕೇಳಿದ. ಏನು ಹೇಳಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಾವಿರಾರು ಕೋಟಿ ಡಾಲರ್ ಸುರಿದರೂ ರೋಗ ಹೋಗಿಲ್ಲ. ಆ ಹಣ ಬಡವರ ಕೈ ಮುಟ್ಟಿತೇ, ಇಲ್ಲ ನಡುವಿನವರ ಪಾಲಾಯಿತೇ? ಶ್ರೀಮಂತ ದೇಶಗಳು ಹೆಸರಿಗಾಗಿ ಮಾಡುವ ಕೆಲಸವೇ ಇದು? ನೀವು ಅಲ್ಲಿ ಕೆಲಸ ಮಾಡಿದವರು, ದಯವಿಟ್ಟು ತಿಳಿಸಿ.

ಉತ್ತರ: ಮೇಷ್ಟ್ರೇ, ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಣ ಬಹುಪಾಲು ಮುಟ್ಟಿತು. ಅದರಿಂದ ಬದುಕಿಕೊಂಡವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. 2004ರಲ್ಲಿ ಜಗತ್ತಿನಲ್ಲಿ ಏಡ್ಸ್‌ಗೆ ಬಲಿಯಾದವರು ಸುಮಾರು 21 ಲಕ್ಷ. 2024ರಲ್ಲಿ ಅದು 6.3 ಲಕ್ಷಕ್ಕೆ ಇಳಿದಿತ್ತು. ‘ರೋಗ ಹೋಗಿಲ್ಲ’ ಎಂದಿರಿ. ನೀವು ಲೆಕ್ಕ ಕಲಿಸಿದವರು, ಈ ಲೆಕ್ಕವನ್ನೂ ನೋಡಿ. 2024ರ ಕೊನೆಗೆ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿದ್ದವರು 4.08 ಕೋಟಿ. ಮೂವರಲ್ಲಿ ಸುಮಾರು ಇಬ್ಬರು ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕದವರು. ಸಂಖ್ಯೆ ಇಷ್ಟು ದೊಡ್ಡದಾಗಿರುವುದಕ್ಕೆ ಒಂದು ಕಾರಣ, ಅವರು ಸಾಯುತ್ತಿಲ್ಲ. 3.16 ಕೋಟಿ ಜನ ದಿನಾ ಮಾತ್ರೆ ನುಂಗುತ್ತಿದ್ದಾರೆ, ಹೊಲ ಉಳುತ್ತಿದ್ದಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ. ಸಕ್ಕರೆ ಕಾಯಿಲೆಯವರು ಊರಲ್ಲಿ ಹೆಚ್ಚಾದರು ಅಂದರೆ ಇನ್ಸುಲಿನ್ ಸೋತಿತು ಅಂತ ಯಾರೂ ಹೇಳುವುದಿಲ್ಲವಲ್ಲ.

ಆದರೆ ‘ದುಡ್ಡು ಸುರಿದರು, ಜನ ಬದುಕಿದರು’ ಎಂಬಷ್ಟಕ್ಕೆ ಕತೆ ಮುಗಿಯುವುದಿಲ್ಲ. ಮೊದಲು ಬಂದದ್ದು ರೋಗಿಗಳ ಹೋರಾಟ ಮತ್ತು ಅಗ್ಗದ ಮಾತ್ರೆ. ದಾನ ಬಂದದ್ದು ಅವುಗಳ ಹಿಂದೆ. ಆ ದಾರಿ ಹಿಡಿದು ನಡೆದಾಗ ದಾನ ಎಂಥ ಕೆಲಸ ಮಾಡಿತೆಂದರೆ, ವೈದ್ಯನಾಗಿ ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡದನ್ನು ಕಂಡಿಲ್ಲ. ತನಗೆ ತೋಚಿದ ದಾರಿ ಹಿಡಿದಾಗ ಎಡವಿತು. ಈ ಎರಡನ್ನೂ ಹೇಳದೆ ನಿಮ್ಮ ಮಗನಿಗೆ ಸಲಹೆ ಕೊಡಲಾರೆ.

1996ರ ಹೊತ್ತಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು. ನಾವು ಎಆರ್‌ಟಿ ಅನ್ನುವುದು ಇದನ್ನೇ. ಅಮೆರಿಕ, ಯುರೋಪುಗಳಲ್ಲಿ ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋಗತೊಡಗಿದರು. ಅದರ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ. ಆಫ್ರಿಕದ ಬಡ ರೈತನಿಗೆ ಅದು ಇದ್ದೂ ಇಲ್ಲದ ಹಾಗೆ. ತನ್ನ ಜನಕ್ಕೆ ಅಗ್ಗದ ಔಷಧ ತರಿಸಿಕೊಳ್ಳಲು ದಕ್ಷಿಣ ಆಫ್ರಿಕ ಕಾನೂನು ಮಾಡಿಕೊಂಡಾಗ, 1998ರಲ್ಲಿ 39 ಔಷಧ ಕಂಪನಿಗಳು ಆ ಸರ್ಕಾರದ ಮೇಲೆಯೇ ಮೊಕದ್ದಮೆ ಹೂಡಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಎಂಬ ರೋಗಿಗಳ ಸಂಘಟನೆ ಹುಟ್ಟಿತು. ಅದರ ಮುಂದಾಳು ಝಾಕಿ ಅಖ್ಮತ್ ಸ್ವತಃ ಸೋಂಕಿತರು. ಔಷಧ ಕೊಳ್ಳುವ ದಾರಿ ತನಗಿದ್ದರೂ, ಸರ್ಕಾರಿ ಆಸ್ಪತ್ರೆಯಲ್ಲಿ ಬಡವನಿಗೆ ಸಿಗುವ ತನಕ ತಾನೂ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಕಾಯಿಲೆ ಬಿದ್ದರು, ಆದರೂ ಬಗ್ಗಲಿಲ್ಲ. 2002ರಲ್ಲಿ ನೆಲ್ಸನ್ ಮಂಡೇಲಾ ತಾವೇ ಅಖ್ಮತ್ ಮನೆಗೆ ಹೋಗಿ ಮಾತ್ರೆ ತೆಗೆದುಕೊಳ್ಳಪ್ಪಾ ಎಂದು ಕೇಳಿಕೊಂಡರು. ಅಖ್ಮತ್ ಮಾತ್ರೆ ಶುರು ಮಾಡಿದ್ದು 2003ರಲ್ಲಿ. 2001ರ ಏಪ್ರಿಲ್‌ನಲ್ಲಿ ಆ 39 ಕಂಪನಿಗಳು ಮೊಕದ್ದಮೆ ಹಿಂತೆಗೆದುಕೊಂಡದ್ದು ಇಂಥವರು ಬೀದಿಗಿಳಿದದ್ದರಿಂದ, ಜಗತ್ತೆಲ್ಲ ಆ ಕಂಪನಿಗಳಿಗೆ ಛೀಮಾರಿ ಹಾಕಿದ್ದರಿಂದ.

ಇನ್ನು ಮಾತ್ರೆಯ ಕತೆ. ಇದರಲ್ಲಿ ನಮ್ಮ ದೇಶದ ಪಾಲು ದೊಡ್ಡದು, ಅದನ್ನು ನಮ್ಮವರೇ ಮರೆತಿದ್ದಾರೆ ಎಂಬ ನೋವು ನನಗಿದೆ. 1970ರ ನಮ್ಮ ಪೇಟೆಂಟ್ ಕಾಯಿದೆ ಔಷಧದ ಮೇಲೆ ಪೇಟೆಂಟ್ ಕೊಡುತ್ತಿರಲಿಲ್ಲ, ಅದನ್ನು ತಯಾರಿಸುವ ವಿಧಾನದ ಮೇಲಷ್ಟೇ ಕೊಡುತ್ತಿತ್ತು. ಹೋಳಿಗೆ ಯಾರ ಸ್ವತ್ತೂ ಅಲ್ಲ, ನಿಮ್ಮ ಮನೆಯ ಹೋಳಿಗೆ ಮಾಡುವ ರೀತಿ ಮಾತ್ರ ನಿಮ್ಮದು ಅಂದ ಹಾಗೆ. ಬೇರೆ ರೀತಿಯಲ್ಲಿ ಮಾಡಿದವನು ಹೋಳಿಗೆ ಮಾರಬಹುದು. ಹೀಗಾಗಿ ಬೇರೆ ಬೇರೆ ಕಂಪನಿಗಳ ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸುವುದು ಇಲ್ಲಿ ಸಾಧ್ಯವಾಯಿತು. ಪಶ್ಚಿಮದಲ್ಲಿ ಒಬ್ಬರ ಪೇಟೆಂಟ್ ಇನ್ನೊಬ್ಬರಿಗೆ ಅಡ್ಡ ಬರುತ್ತಿತ್ತು. ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 2001ರ ಫೆಬ್ರುವರಿಯಲ್ಲಿ, ‘ಗಡಿಯಿಲ್ಲದ ವೈದ್ಯರು’ ಎಂದು ಹೆಸರಾದ ಎಂಎಸ್ಎಫ್ ಸಂಸ್ಥೆಗೆ, ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ ಮೂರೂ ಔಷಧ ಕೊಡುತ್ತೇನೆ ಎಂದರು. ದಿನಕ್ಕೆ ಒಂದು ಡಾಲರಿಗೂ ಕಡಿಮೆ. ಹತ್ತು ಸಾವಿರ ಎಲ್ಲಿ, ಮುನ್ನೂರೈವತ್ತು ಎಲ್ಲಿ. ಎಂಎಸ್ಎಫ್ ಅದೇ ವರ್ಷ ಕೇಪ್‌ಟೌನ್ ಪಕ್ಕದ ಖಾಯೆಲಿತ್ಶಾ ಎಂಬ ಬಡವರ ಬಡಾವಣೆಯಲ್ಲೂ ಮಲಾವಿ ದೇಶದ ಚಿರಾಡ್ಜುಲು ಎಂಬ ಹಳ್ಳಿಗಾಡಿನ ಜಿಲ್ಲೆಯಲ್ಲೂ ಚಿಕಿತ್ಸೆ ಶುರು ಮಾಡಿ, ಬಡವರಲ್ಲೂ ಇದು ನಡೆಯುತ್ತದೆ ಎಂದು ತೋರಿಸಿತು.

ತೋರಿಸಬೇಕಾಗಿ ಬಂತು ಎನ್ನುವುದೇ ಬೇಸರದ ಸಂಗತಿ. ಏಕೆಂದರೆ ಅದೇ 2001ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆಯ ಆಗಿನ ಮುಖ್ಯಸ್ಥರು, ಆಫ್ರಿಕದ ಬಹಳ ಜನಕ್ಕೆ ಗಡಿಯಾರದ ಹೊತ್ತು ತಿಳಿಯದು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಲಾರರು ಎಂಬರ್ಥದ ಮಾತಾಡಿದ್ದರು. ಔಷಧ ಕೊಡದೇ ಇರುವುದಕ್ಕೆ ಅದೊಂದು ನೆಪವಾಗಿತ್ತು. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಬೇರೆಯೇ ಕಂಡಿತು. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಆಫ್ರಿಕದಲ್ಲಿ ನೂರಕ್ಕೆ 77, ಉತ್ತರ ಅಮೆರಿಕದಲ್ಲಿ ನೂರಕ್ಕೆ 55.

ಆ ಹೊತ್ತಿಗೆ ನಾನು ಮಲಾವಿಯಲ್ಲಿದ್ದೆ. ದಕ್ಷಿಣದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಎರಡು ವರ್ಷ. ಇಡೀ ಜಿಲ್ಲೆಗೆ ನಾವು ಇಬ್ಬರು ವೈದ್ಯರು, ಕೆಲಸವನ್ನೆಲ್ಲ ಹೊತ್ತವರು ಕ್ಲಿನಿಕಲ್ ಆಫೀಸರುಗಳು (ಪೂರ್ಣ ವೈದ್ಯರಲ್ಲದಿದ್ದರೂ ಚಿಕಿತ್ಸೆ ಕೊಡಲು ತರಬೇತಿ ಪಡೆದವರು) ಮತ್ತು ನರ್ಸುಗಳು. ಆಸ್ಪತ್ರೆಯ ಗೇಟಿನಿಂದ ಹೊರಬಿದ್ದರೆ ರಸ್ತೆಯ ಎರಡೂ ಬದಿ ಬಡಗಿಗಳ ಅಂಗಡಿ. ಮಂಚ, ಬಾಗಿಲು, ಶವಪೆಟ್ಟಿಗೆ. ಹಿಂದಿನ ವರ್ಷಗಳಲ್ಲಿ ಶವಪೆಟ್ಟಿಗೆ ಬಿಟ್ಟು ಬೇರೇನೂ ಮಾಡಲು ಪುರಸೊತ್ತೇ ಇರಲಿಲ್ಲ ಅಂತ ಒಬ್ಬ ಬಡಗಿ ನನಗೆ ಹೇಳಿದ. ಅವನ ಗೋಡೆಗೆ ಮಕ್ಕಳ ಅಳತೆಯ ಪೆಟ್ಟಿಗೆಗಳನ್ನು ಒರಗಿಸಿ ಇಟ್ಟಿದ್ದ. ಆ ದಾರಿಯಲ್ಲಿ ದಿನಾ ನಡೆದರೂ ಅತ್ತ ನೋಡುವುದು ನನಗೆ ಕೊನೆಯವರೆಗೂ ರೂಢಿಯಾಗಲಿಲ್ಲ.

ಎಆರ್‌ಟಿ ದಿನ ಬೆಳಗಿನ ಐದು ಗಂಟೆಗೇ ಜನ ಬಂದು ಹುಲ್ಲಿನ ಮೇಲೆ ಕೂತಿರುತ್ತಿದ್ದರು. ಒಬ್ಬ ಹೆಂಗಸು, ನಲವತ್ತರ ಆಸುಪಾಸು, ಹದಿನಾಲ್ಕು ಕಿಲೋಮೀಟರು ನಡೆದು ಬರುತ್ತಿದ್ದಳು. ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ತುದಿಯಲ್ಲಿ ಮಾತ್ರೆ ಡಬ್ಬಿ ಗಂಟು. ನಮ್ಮ ಹೆಂಗಸರು ಸೆರಗಿನ ತುದಿಗೆ ಚಿಲ್ಲರೆ ಕಟ್ಟಿಕೊಳ್ಳುತ್ತಿದ್ದರಲ್ಲ, ಹಾಗೆ. ಗಂಟು ಬಿಚ್ಚಿ ಉಳಿದ ಮಾತ್ರೆಗಳನ್ನು ನೀಲಿ ಪ್ಲಾಸ್ಟಿಕ್ ತಟ್ಟೆಗೆ ಸುರಿಯುತ್ತಿದ್ದಳು. ನರ್ಸು ಚಪ್ಪಟೆ ಕಡ್ಡಿಯಿಂದ ಎರಡೆರಡೇ ಸರಿಸಿ ಎಣಿಸುತ್ತಿದ್ದಳು. ದಿನಕ್ಕೆ ಎರಡರಂತೆ ತಿಂಗಳಿಗೆ 60. ಬರುವ ದಿನ ಎಷ್ಟು ಉಳಿದಿರಬೇಕೋ ಅಷ್ಟೇ ಉಳಿದಿರುತ್ತಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಪಕ್ಕದ ಮನೆಯ ರೇಡಿಯೋದಲ್ಲಿ ಬೆಳಗಿನ ವಾರ್ತೆ ಬಂದಾಗ ಒಂದು, ರಾತ್ರಿಯ ವಾರ್ತೆಗೆ ಒಂದು. ಮಾತ್ರೆ ಟ್ರಯೋಮ್ಯೂನ್, ಸಿಪ್ಲಾದ್ದು, ಡಬ್ಬಿಯ ಮೇಲೆ ಭಾರತದ ಹೆಸರು. ಕೊಳ್ಳಲು ಹಣ ಬಂದದ್ದು ಜಿನೀವಾದ ಗ್ಲೋಬಲ್ ಫಂಡ್ ಎಂಬ ಅಂತರರಾಷ್ಟ್ರೀಯ ನಿಧಿಯಿಂದ. ಮುಂಬಯಿಯ ಮಾತ್ರೆ, ಜಿನೀವಾದ ದುಡ್ಡು, ಮಲಾವಿಯ ನರ್ಸು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಹೆಂಗಸು ಎದುರಿನ ಬಡಗಿಯ ಗಿರಾಕಿಯಾಗುತ್ತಿದ್ದಳು.

ಈಗ ದುಡ್ಡಿನ ವಿಚಾರಕ್ಕೆ ಬರೋಣ. 2001ರ ಏಪ್ರಿಲ್‌ನಲ್ಲಿ ನೈಜೀರಿಯದ ಅಬುಜಾದಲ್ಲಿ ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್, ವರ್ಷಕ್ಕೆ 700ರಿಂದ 1,000 ಕೋಟಿ ಡಾಲರ್ ಬೇಕು ಎಂದು ಜಗತ್ತಿಗೆ ಕರೆ ಕೊಟ್ಟರು. 2002ರಲ್ಲಿ ಗ್ಲೋಬಲ್ ಫಂಡ್ ಹುಟ್ಟಿತು. ಏಡ್ಸ್, ಕ್ಷಯ, ಮಲೇರಿಯ ಮೂರಕ್ಕೂ ಸೇರಿದ ನಿಧಿ. ಸರ್ಕಾರಗಳೂ ಗೇಟ್ಸ್ ಫೌಂಡೇಶನ್ನಿನಂಥ ಸಂಸ್ಥೆಗಳೂ ಅದಕ್ಕೆ ಹಣ ಹಾಕುತ್ತವೆ. ಅಂಗಡಿಯಲ್ಲಿ ಕೆಂಪು ಬಣ್ಣದ ವಸ್ತು ಕೊಂಡರೆ ಒಂದು ಪಾಲು ಹಣ ಏಡ್ಸ್‌ಗೆ ಹೋಗುವ ‘ರೆಡ್’ ಯೋಜನೆಯನ್ನು ಗಾಯಕ ಬೋನೋ ಮತ್ತು ಬಾಬಿ ಶ್ರೈವರ್ 2006ರಲ್ಲಿ ಶುರು ಮಾಡಿದರು. ಅದೂ ಇದೇ ನಿಧಿಗೆ. ನಿಮ್ಮ ಮಗನ ಆಫೀಸಿನವರು ಎತ್ತುವ ಹಣವೂ ಇದಕ್ಕೇ ಹೋಗುತ್ತಿರಬಹುದು, ವಿಚಾರಿಸಲಿ.

ಇನ್ನೊಂದು ದೊಡ್ಡ ಹೊಳೆ ಅಮೆರಿಕ ಸರ್ಕಾರದ ಏಡ್ಸ್ ನೆರವು ಯೋಜನೆ ಪೆಪ್‌ಫಾರ್. 2003ರ ಜನವರಿ 28ರಂದು ಅಧ್ಯಕ್ಷ ಜಾರ್ಜ್ ಬುಷ್ ಅಮೆರಿಕದ ಸಂಸತ್ತಿನಲ್ಲಿ ಐದು ವರ್ಷಕ್ಕೆ 1,500 ಕೋಟಿ ಡಾಲರ್ ಘೋಷಿಸಿದರು. ಔಷಧ ಬೇಕಾದವರು ಆಫ್ರಿಕದಲ್ಲಿ 40 ಲಕ್ಷ, ಸಿಗುತ್ತಿರುವುದು ಬರೀ 50,000 ಜನಕ್ಕೆ ಎಂದು ಅವರೇ ಹೇಳಿದರು. ವರ್ಷದ ಔಷಧದ ಬೆಲೆ 12,000 ಡಾಲರಿನಿಂದ 300ಕ್ಕೂ ಕೆಳಗೆ ಇಳಿದಿದೆ, ಹಾಗಾಗಿ ಇದು ಈಗ ಸಾಧ್ಯ ಎಂದರು. ಆ 300 ಯಾರ ಬೆಲೆ ಹೇಳಿ? ಭಾರತದ ಜೆನೆರಿಕ್ ಮಾತ್ರೆಯ, ಅಂದರೆ ಮೂಲ ಕಂಪನಿಯದಲ್ಲದ, ಅದೇ ಔಷಧದ ಅಗ್ಗದ ಮಾತ್ರೆಯ ಬೆಲೆ. ಅಂದು ಗ್ಯಾಲರಿಯಲ್ಲಿ ಅತಿಥಿಯಾಗಿ ಕೂತಿದ್ದವರು ಉಗಾಂಡದ ಡಾ. ಪೀಟರ್ ಮುಗ್ಯೆನ್ಯಿ. ಅದಕ್ಕೆ ಎರಡು-ಮೂರು ವರ್ಷ ಹಿಂದೆ ಅವರು ಸಿಪ್ಲಾದಿಂದ ಮಾತ್ರೆ ತರಿಸಿಕೊಂಡಾಗ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಸರಕು ತಡೆದಿದ್ದರು. ಸರಕು ಬಿಡುವ ತನಕ ಅವರೂ ಬಿಟ್ಟಿರಲಿಲ್ಲ. ಹೋರಾಟ ಮೊದಲು, ದಾನ ಆಮೇಲೆ ಅಂದದ್ದು ಇದಕ್ಕೇ.

ಪೆಪ್‌ಫಾರ್ ಎರಡು ದಶಕದಲ್ಲಿ 10,000 ಕೋಟಿ ಡಾಲರಿಗೂ ಮೀರಿ ಖರ್ಚು ಮಾಡಿದೆ. ಎರಡೂವರೆ ಕೋಟಿ ಜೀವ ಉಳಿಸಿದ್ದೇವೆ ಎನ್ನುತ್ತದೆ ಅಮೆರಿಕ. ಇಂಥ ಅಂಕಿ ಲೆಕ್ಕಾಚಾರದಿಂದ ಬಂದದ್ದು, ತಲೆ ಎಣಿಸಿ ಬಂದದ್ದಲ್ಲ. ಆದರೂ ದಿಕ್ಕು ಸರಿಯಾಗಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒಂದೇ ರೋಗಕ್ಕೆ ಒಂದು ದೇಶ ಇಷ್ಟು ಕೊಟ್ಟದ್ದು ಹಿಂದೆಂದೂ ಇಲ್ಲ. ಹೆಸರಿಗಾಗಿ ಮಾಡಿದರೇ ಎಂದು ಕೇಳಿದಿರಿ. ಇರಬಹುದು, ಒಂದಷ್ಟು. ಅನ್ನ ಬಡಿಸಿದವನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ಎಲೆಗೆ ಅನ್ನ ಬಿತ್ತೇ ಎಂದು ನಾನು ನೋಡುತ್ತೇನೆ. ಆದರೆ ಅನ್ನದ ಜೊತೆ ಏನೇನು ಷರತ್ತು ಬಡಿಸಿದ ಎಂಬುದನ್ನೂ ನೋಡಬೇಕು.

ಷರತ್ತುಗಳು ಇದ್ದವು. ಜೆನೆರಿಕ್ ಬೆಲೆ ತೋರಿಸಿ ಯೋಜನೆ ಘೋಷಿಸಿದವರು ಮೊದಲ ಒಂದೆರಡು ವರ್ಷ ಜೆನೆರಿಕ್ ಕೊಳ್ಳಲಿಲ್ಲ, ತಮ್ಮ ದೇಶದ ಔಷಧ ನಿಯಂತ್ರಕರ ಒಪ್ಪಿಗೆ ಬರಲಿ ಎಂದು ದುಬಾರಿ ಬ್ರಾಂಡುಗಳನ್ನೇ ಕೊಂಡರು. ಒಪ್ಪಿಗೆ ಸಿಗುತ್ತ ಹೋದ ಹಾಗೆ ಹೆಚ್ಚುಕಡಿಮೆ ಎಲ್ಲವೂ ಜೆನೆರಿಕ್ ಆಯಿತು, ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿಗೂ ಅಂಥ ಒಪ್ಪಿಗೆ ಸಿಕ್ಕಿತು. ಇನ್ನೊಂದು, ಸೋಂಕು ತಡೆಯುವ ಹಣದಲ್ಲಿ ಮೂರನೇ ಒಂದು ಪಾಲನ್ನು ಮದುವೆಯವರೆಗೆ ಬ್ರಹ್ಮಚರ್ಯ ಎಂಬ ಉಪದೇಶಕ್ಕೇ ಇಡಬೇಕೆಂಬ ಕಟ್ಟಳೆ. 2004ರಿಂದ 2013ರವರೆಗೆ ಇಂಥ ಉಪದೇಶಕ್ಕೆ ಸುರಿದ 140 ಕೋಟಿ ಡಾಲರಿನಿಂದ ಜನರ ನಡವಳಿಕೆಯಲ್ಲಿ ಏನೂ ಬದಲಾಗಲಿಲ್ಲ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಂಡನಿಂದ ಸೋಂಕು ತಗುಲಿಸಿಕೊಂಡ ಹೆಂಗಸಿಗೆ ಬ್ರಹ್ಮಚರ್ಯದ ಪಾಠ ಹೇಳಿ ಏನು ಪ್ರಯೋಜನ? ಲೈಂಗಿಕ ಕಾರ್ಯಕರ್ತೆಯರೊಂದಿಗೆ ಕೆಲಸ ಮಾಡುವ ಸಂಸ್ಥೆಗಳು ಆ ವೃತ್ತಿಯನ್ನು ವಿರೋಧಿಸುತ್ತೇವೆ ಎಂದು ಪ್ರತಿಜ್ಞೆ ಬರೆದುಕೊಡಬೇಕಿತ್ತು. ಈ ಷರತ್ತಿಗೆ ಒಪ್ಪದೆ 2005ರಲ್ಲಿ ಬ್ರೆಜಿಲ್ ದೇಶ 4 ಕೋಟಿ ಡಾಲರನ್ನೇ ಬೇಡ ಎಂದಿತು.

ಇನ್ನು ನಾನೇ ಕಂಡ ಒಂದು ಸಂಗತಿ. ನಮ್ಮ ಆಸ್ಪತ್ರೆಗೆ ಒಂದು ದಾನಿ ಸಂಸ್ಥೆ ಸಿಡಿ4 ಯಂತ್ರ ಕೊಟ್ಟಿತು. ರಕ್ತದಲ್ಲಿ ರೋಗ ತಡೆಯುವ ಕಣಗಳನ್ನು ಎಣಿಸುವ ಯಂತ್ರ ಅದು. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆದರು. ಅದಕ್ಕೆ ಬೇಕಾದ ರಾಸಾಯನಿಕಗಳು ನಾಲ್ಕು ತಿಂಗಳಿಗೆ ಮುಗಿದವು. ಮತ್ತೆ ಕೊಳ್ಳಲು ಯಾರ ಬಜೆಟ್‌ನಲ್ಲೂ ಹಣವಿಲ್ಲ. ದಾನಿಗಳ ಯೋಜನೆಯಲ್ಲಿ ‘ಯಂತ್ರ’ ಎಂಬ ಸಾಲಿತ್ತು, ‘ರಾಸಾಯನಿಕ’ ಎಂಬ ಸಾಲು ಇರಲಿಲ್ಲ. ಲ್ಯಾಬಿನ ಹುಡುಗ ಯಂತ್ರಕ್ಕೆ ದೂಳು ಕೂರಬಾರದೆಂದು ಹೂವಿನ ಚಿತ್ತಾರದ ಚಿತೆಂಜೆ ಹೊದಿಸಿದ. ನಾನು ಅಲ್ಲಿಂದ ಹೊರಡುವ ದಿನವೂ ಆ ಬಟ್ಟೆ ಹಾಗೆಯೇ ಇತ್ತು. ಪ್ರತಿ ಮೂರು ತಿಂಗಳಿಗೆ ಅದೇ ಸಂಸ್ಥೆಗೆ ವರದಿ ಬರೆಯಲು ನಮ್ಮ ಅತ್ಯಂತ ಚುರುಕಾದ ನರ್ಸು ಎರಡು ದಿನ ವಾರ್ಡು ಬಿಟ್ಟು ಕೂರುತ್ತಿದ್ದಳು. ಹಣ ನುಂಗಿದವರು ಇಲ್ಲಿ ಯಾರೂ ಇಲ್ಲ, ಮೇಷ್ಟ್ರೇ. ಎಲ್ಲ ಲೆಕ್ಕವೂ ಸರಿ. ಆದರೂ ಹಣ ವ್ಯರ್ಥ.

ಯಂತ್ರ ಇಲ್ಲದಿದ್ದರೇನು ಎಂದು ಮಲಾವಿ ಸರ್ಕಾರ ತಾನೇ ದಾರಿ ಹುಡುಕಿಕೊಂಡಿತು. 2011ರಲ್ಲಿ, ಸೋಂಕಿರುವ ಪ್ರತಿ ಗರ್ಭಿಣಿಗೂ ಸಿಡಿ4 ಎಣಿಸಿ ಕಾಯದೆ ನೇರ ಜೀವನಪರ್ಯಂತ ಚಿಕಿತ್ಸೆ ಶುರು ಮಾಡುವ ಪದ್ಧತಿ ತಂದಿತು. ತಾಯಿಯೂ ಉಳಿದಳು, ಮಗುವೂ ಸೋಂಕಿಲ್ಲದೆ ಹುಟ್ಟಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿತು. ಬಡ ದೇಶ ಕಲಿಸಿದ ಪಾಠ ಇದು. ನನಗೆ ಇದರ ಬಗ್ಗೆ ಇಂದಿಗೂ ಹೆಮ್ಮೆ, ನಾನು ಅದರಲ್ಲಿ ಏನೂ ಮಾಡಿಲ್ಲವಾದರೂ.

ನರ್ಸುಗಳ ಮಾತು ಬಂತಲ್ಲ. ಮಲಾವಿಯ ನರ್ಸುಗಳು ಸಂಬಳ ಸಾಲದೆ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೊರಟುಹೋಗುತ್ತಿದ್ದರು. ಒಂದು ಕೈಯಲ್ಲಿ ಔಷಧ ಕೊಟ್ಟ ದೇಶವೇ ಇನ್ನೊಂದು ಕೈಯಲ್ಲಿ ಔಷಧ ಕೊಡುವವಳನ್ನು ಕರೆದುಕೊಂಡಂತೆ ಆಯಿತು. ಇದನ್ನು ಮನಗಂಡು ಬ್ರಿಟನ್ ಸರ್ಕಾರ ಮತ್ತು ಗ್ಲೋಬಲ್ ಫಂಡ್ ಹಣದಲ್ಲಿ ಮಲಾವಿಯ ಆರೋಗ್ಯ ಸಿಬ್ಬಂದಿಗೆ ಶೇ 52ರಷ್ಟು ಹೆಚ್ಚುವರಿ ಸಂಬಳ ಕೊಡುವ ಯೋಜನೆ ಬಂತು. ಸಂಬಳದ ಚೀಟಿಯ ಫೋಟೋ ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗುವುದಿಲ್ಲ. ಆದರೆ ನಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿಗೆ ನರ್ಸು ಉಳಿದದ್ದು ಅದರಿಂದ.

ಕ್ಯಾಲೆಂಡರಿನಲ್ಲಿ ಅಚ್ಚಾಗುತ್ತಿದ್ದದ್ದು ಅನಾಥ ಮಕ್ಕಳು. ‘ಏಡ್ಸ್ ಅನಾಥರು’ ಎಂಬ ಮಾತು ಕೇಳಿದರೆ ಎಂಥವರ ಕರುಳೂ ಚುರ್ ಅನ್ನುತ್ತದೆ, ಅದಕ್ಕೇ ಆ ಹೆಸರಿನಲ್ಲಿ ಹಣ ಬಹಳ ಹರಿಯಿತು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ತಂದೆ ಅಥವಾ ತಾಯಿ, ಒಬ್ಬರು ತೀರಿಕೊಂಡರೂ ಮಗು ಅನಾಥ ಎಂದೇ ಎಣಿಕೆ. ಹೆಚ್ಚಿನವರಿಗೆ ಇನ್ನೊಬ್ಬ ಪೋಷಕರಾಗಲಿ ಅಜ್ಜಿಯಾಗಲಿ ಚಿಕ್ಕಮ್ಮನಾಗಲಿ ಇದ್ದೇ ಇರುತ್ತಿದ್ದರು. ಅಂಥ ಮಕ್ಕಳನ್ನು ಮನೆಯಿಂದ ಬಿಡಿಸಿ ಹೊರದೇಶದವರು ಕಟ್ಟಿಸಿದ ಅನಾಥಾಲಯಕ್ಕೆ ಸೇರಿಸಿದ್ದನ್ನು ಕಂಡು ನನಗೆ ಸಂಕಟವಾಗಿದೆ. ಆ ಮನೆಗೆ ತಿಂಗಳಿಗೆ ಒಂದು ಮೂಟೆ ಮುಸುಕಿನ ಜೋಳದ ಹಿಟ್ಟು, ಶಾಲೆಯ ಫೀಸು ಕೊಟ್ಟಿದ್ದರೆ ಸಾಕಿತ್ತು. ನಮ್ಮ ಮುದ್ದೆಯ ಹಾಗೆ ಅಲ್ಲಿ ಎನ್ಸಿಮಾ ಅಂತ ಮುಸುಕಿನ ಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ. ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ತಿನ್ನುವುದು. ಆ ತಟ್ಟೆಯಿಂದ ಮಗುವನ್ನು ಎಬ್ಬಿಸಬಾರದಿತ್ತು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರೂ ಇದ್ದರು. ಕೆನಡಾದ ಸ್ಟೀಫನ್ ಲೂಯಿಸ್ ಫೌಂಡೇಶನ್ 2006ರಲ್ಲಿ ‘ಅಜ್ಜಿಯರಿಂದ ಅಜ್ಜಿಯರಿಗೆ’ ಎಂಬ ಚಳವಳಿ ಶುರು ಮಾಡಿತು. ಮಗನನ್ನೂ ಸೊಸೆಯನ್ನೂ ಮಣ್ಣು ಮಾಡಿ ಐದಾರು ಮೊಮ್ಮಕ್ಕಳನ್ನು ಸಾಕುತ್ತಿದ್ದ ಆಫ್ರಿಕದ ಅಜ್ಜಿಯರಿಗೆ ಕೆನಡಾದ ಅಜ್ಜಿಯರು ಗುಂಪು ಕಟ್ಟಿ ಹಣ ಕೂಡಿಸಿ ಕಳಿಸಿದರು. ಆ ಹಣ ಹೋದದ್ದು ಅಲ್ಲಿಯ ಊರುಗಳ ಸಂಘಗಳಿಗೆ. ಹಾಗೆಯೇ 2001ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿದ ‘ಮದರ್ಸ್ ಟು ಮದರ್ಸ್’. ಸೋಂಕಿದ್ದೂ ಆರೋಗ್ಯವಂತ ಮಗು ಹೆತ್ತ ತಾಯಂದಿರನ್ನೇ ಸಂಬಳ ಕೊಟ್ಟು ನೇಮಿಸಿಕೊಂಡು, ಹೊಸದಾಗಿ ಸೋಂಕು ಗೊತ್ತಾದ ಗರ್ಭಿಣಿಯ ಪಕ್ಕ ಕೂರಿಸಿತು. ಡಾಕ್ಟರು ಹತ್ತು ಸಲ ಹೇಳುವುದಕ್ಕಿಂತ ‘ನೋಡು, ಇವನು ನನ್ನ ಮಗ’ ಎಂದು ತೋರಿಸುವುದರ ಬಲ ಬೇರೆ. 1987ರಲ್ಲಿ, ಆಫ್ರಿಕದಲ್ಲಿ ಮಾತ್ರೆಯ ಸುಳಿವೂ ಇಲ್ಲದ ಕಾಲದಲ್ಲಿ, ಉಗಾಂಡದಲ್ಲಿ ಗಂಡನನ್ನು ಕಳೆದುಕೊಂಡ ನೊಯೆರಿನ್ ಕಲೀಬಾ ಸಂಗಡಿಗರೊಂದಿಗೆ ಕಟ್ಟಿದ ‘ಟಾಸೊ’ ಎಂಬ ಏಡ್ಸ್ ರೋಗಿಗಳ ಆಸರೆಯ ಸಂಸ್ಥೆ ಇಂಥ ಎಲ್ಲ ಸಂಸ್ಥೆಗಳಿಗೂ ಅಕ್ಕ.

ಕಳ್ಳತನ ಆಗಿಯೇ ಇಲ್ಲವೇ? ಆಗಿದೆ. 2005ರಲ್ಲಿ ಉಗಾಂಡಕ್ಕೆ ಕೊಡುವ ಹಣವನ್ನು ಗ್ಲೋಬಲ್ ಫಂಡ್ ಅವ್ಯವಹಾರದ ಕಾರಣಕ್ಕೆ ಕೆಲ ಕಾಲ ನಿಲ್ಲಿಸಿತು. 2011ರಲ್ಲಿ ಮಾಲಿ, ಮಾರಿಟೇನಿಯ, ಜಿಬೂಟಿ, ಜಾಂಬಿಯ ದೇಶಗಳ ಅವ್ಯವಹಾರ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಹಂಚಿದ್ದು 1,300 ಕೋಟಿ ಡಾಲರ್, ಆಗ ಪತ್ತೆಯಾದ ನಷ್ಟ 3.4 ಕೋಟಿ. ಪತ್ತೆ ಹಚ್ಚಿದ್ದು ಆ ಸಂಸ್ಥೆಯ ಒಳಗಿನ ತನಿಖಾಧಿಕಾರಿಗಳೇ, ವರದಿಯನ್ನು ಬಹಿರಂಗವಾಗಿ ಇಟ್ಟವರೂ ಅವರೇ. ತಪ್ಪು ಮುಚ್ಚದವನಿಗೆ ಸಿಕ್ಕ ಶಿಕ್ಷೆ ಏನು ಗೊತ್ತೇ? ಕೆಲವು ದೇಶಗಳು ಕೊಡುವುದನ್ನು ತಡೆಹಿಡಿದವು, ಆ ವರ್ಷದ ನವೆಂಬರಿನಲ್ಲಿ ಹೊಸ ಅನುದಾನದ ಒಂದು ಸುತ್ತೇ ರದ್ದಾಯಿತು. ನಡುವಿನವರು ತಿಂದದ್ದಕ್ಕಿಂತ ಹೆಚ್ಚಿನ ಪೆಟ್ಟು ರೋಗಿಗೆ ಬಿದ್ದದ್ದು ಹೀಗೆ ಕೈ ಹಿಂತೆಗೆದಾಗ.

ನಮ್ಮ ನಾಡಿನಿಂದ ಹೋದದ್ದು ಮಾತ್ರೆ ಮಾತ್ರ ಅಲ್ಲ ಎಂಬುದನ್ನೂ ಹೇಳಬೇಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ 1980ರ ದಶಕದಿಂದ ನೈರೋಬಿಯಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುತ್ತಿತ್ತು. ಅದೇ ವಿಶ್ವವಿದ್ಯಾಲಯ ನಮ್ಮ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯೊಂದಿಗೆ ಕೂಡಿ 2003ರಲ್ಲಿ ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನ ಕಟ್ಟಿತು. ಇಲ್ಲಿ ಆ ಹೆಂಗಸರಲ್ಲೇ ಒಬ್ಬಳು ಪೀರ್ ಕಾರ್ಯಕರ್ತೆಯಾಗಿ, ತನ್ನ ಪಟ್ಟಿಯ ಪ್ರತಿಯೊಬ್ಬಳಿಗೂ ಈ ವಾರ ಕಾಂಡೋಮ್ ಮುಟ್ಟಿತೇ, ತಪಾಸಣೆ ಆಯಿತೇ, ಪೊಲೀಸರ ಕಾಟ ಇತ್ತೇ ಎಂದು ಚಿತ್ರಗಳಿರುವ ಹಾಳೆಯಲ್ಲಿ ಗುರುತು ಹಾಕುವ ಪದ್ಧತಿ ಬೆಳೆಯಿತು. ಅಕ್ಷರ ಬಾರದವರಿಗೂ ಆಗುತ್ತದೆ. ಮೈಕ್ರೋಪ್ಲಾನಿಂಗ್ ಎನ್ನುತ್ತಾರೆ. ಮುಂದೆ ಕೆನ್ಯಾದವರು ಮೈಸೂರಿನ ಅಶೋದಯ ಸಮಿತಿಯ ಹೆಂಗಸರಿಂದ ಕಲಿತುಹೋದರು; ಆ ಪದ್ಧತಿ ಕೆನ್ಯಾದಲ್ಲಿ, ಜಿಂಬಾಬ್ವೆಯಲ್ಲಿ ಬೇರೂರಿತು. ಕೊಡುವವರು ಬಿಳಿಯರು, ತೆಗೆದುಕೊಳ್ಳುವವರು ಕರಿಯರು ಎಂಬ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಮೈಸೂರಿನ ಈ ಹೆಂಗಸರನ್ನು ನೆನಪಿಸಿಕೊಳ್ಳಿ.

2025ರ ಜನವರಿ 20ರಂದು ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನೆಲ್ಲ ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಿ ಎಂಬ ಆದೇಶ ಬಂದು ಕ್ಲಿನಿಕ್ಕುಗಳ ಬಾಗಿಲು ಮುಚ್ಚಿದವು. ಜೀವ ಉಳಿಸುವ ಔಷಧಕ್ಕೆ ವಿನಾಯಿತಿ ಎಂದರು, ಆದರೆ ಔಷಧ ಗೋದಾಮಿನಲ್ಲಿದ್ದು ಅದನ್ನು ಎಣಿಸಿ ಕೊಡುವವಳ ಕೆಲಸ ಹೋಗಿದ್ದರೆ ಏನು ಮಾಡುವುದು? ಜುಲೈ 1ಕ್ಕೆ ಅವರ ನೆರವು ಸಂಸ್ಥೆ ಯುಎಸ್ಏಡ್ ಮುಚ್ಚಿಹೋಯಿತು. ದಕ್ಷಿಣ ಆಫ್ರಿಕ ತನ್ನ ಎಚ್‌ಐವಿ ಖರ್ಚಿನ ಬಹುಪಾಲನ್ನು ತಾನೇ ಭರಿಸುತ್ತಿತ್ತು, ಅಮೆರಿಕದ ಪಾಲು ಶೇ 17ರಷ್ಟು. ಅಲ್ಲಿಯೇ ಸಾವಿರಾರು ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಹಾಗಿದ್ದ ಮೇಲೆ ಬಹುತೇಕ ಹೊರಗಿನ ಹಣದಲ್ಲೇ ನಡೆಯುವ ಮಲಾವಿಯ ಪಾಡು ಊಹಿಸಿ. ಇಪ್ಪತ್ತೆರಡು ವರ್ಷ ಕಟ್ಟಿದ್ದು ಒಂದು ಸಹಿಗೆ ಅಲುಗಾಡಿತು. ಅದೇ ವರ್ಷದ ನವೆಂಬರಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಗ್ಲೋಬಲ್ ಫಂಡ್ 1,800 ಕೋಟಿ ಡಾಲರ್ ಕೇಳಿತು. ಸಿಕ್ಕ ಭರವಸೆ 1,134 ಕೋಟಿ.

ನೋವಿನ ಸಂಗತಿ ಎಂದರೆ ಇದು ನಡೆದದ್ದು ಗೆಲುವು ಕೈಗೆಟುಕುವ ಹೊತ್ತಿನಲ್ಲಿ. ಲೆನಾಕಾಪವಿರ್ ಎಂಬ ಚುಚ್ಚುಮದ್ದು ಬಂದಿದೆ. ಸೋಂಕಿಲ್ಲದವರು ಆರು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಸೋಂಕು ತಗುಲುವುದು ತೀರಾ ಅಪರೂಪ. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಇದನ್ನು ಹಾಕಿಸಿಕೊಂಡ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ ಎಂದು 2024ರ ಜೂನ್‌ನಲ್ಲಿ ತಿಳಿದಾಗ ನನ್ನ ಕಣ್ಣು ತುಂಬಿ ಬಂತು. ಗಂಡನನ್ನು ಕಾಂಡೋಮ್ ಬಳಸು ಎಂದು ಕೇಳಲಾಗದ, ಮಾತ್ರೆ ಡಬ್ಬಿಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಬಚ್ಚಿಡಲಾಗದ ಹೆಣ್ಣುಮಗಳಿಗೆ ಇದು ಎಂಥ ಬಿಡುಗಡೆ! ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ 28,000 ಡಾಲರಿಗೂ ಹೆಚ್ಚು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ 120 ದೇಶಗಳಿಗೆ ಕೊಡುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಆಯಿತು. ಗೇಟ್ಸ್ ಫೌಂಡೇಶನ್, ಯುನಿಟೇಡ್, ಕ್ಲಿಂಟನ್ ಸಂಸ್ಥೆಯವರು ಇದರ ಹಿಂದಿದ್ದಾರೆ. ಮೂಲ ಕಂಪನಿಯಾದ ಅಮೆರಿಕದ ಗಿಲಿಯಡ್ ತಯಾರಿಸಿದ ಮದ್ದಿನ ಮೊದಲ ಸರಕು ಆ ನವೆಂಬರಿನಲ್ಲೇ ಆಫ್ರಿಕದ ಎಸ್ವಾಟಿನಿ ಮತ್ತು ಜಾಂಬಿಯ ತಲುಪಿದೆ. 2001ರ ಕತೆಯೇ ಮತ್ತೆ: ಮದ್ದು ಇದೆ, ಅಗ್ಗವಾಗುವ ದಾರಿ ಇದೆ. ಕೊಳ್ಳುವ ಹಣ ಮತ್ತು ಚುಚ್ಚುವ ಕೈ ಉಳಿಯಬೇಕು.

ಆದ್ದರಿಂದ ಮೇಷ್ಟ್ರೇ, ನಿಮ್ಮ ಮಗ ಕೊಡಲಿ. ಈ ಕಾಲದಲ್ಲಂತೂ ಕೊಡಲಿ. ಕೊಡುವ ಮುನ್ನ ಆಫೀಸಿನವರನ್ನು ಕೇಳಲಿ: ಹಣ ಯಾವ ಸಂಸ್ಥೆಗೆ, ಅದು ಅಲ್ಲಿಯ ಸರ್ಕಾರಿ ಆಸ್ಪತ್ರೆಯ ಜೊತೆ ಕೆಲಸ ಮಾಡುತ್ತದೆಯೋ ಪಕ್ಕದಲ್ಲಿ ಬೇರೆ ಅಂಗಡಿ ತೆರೆದಿದೆಯೋ, ಸಂಬಳ ಪಡೆಯುವವರಲ್ಲಿ ಆ ಊರಿನವರು ಎಷ್ಟು ಜನ, ಸೋಂಕಿತರು ಎಷ್ಟು ಜನ. ಅನಾಥಾಲಯದ ಕಟ್ಟಡಕ್ಕೆ ಎಂದರೆ ಬೇಡ ಅನ್ನಲಿ. ಯಂತ್ರ ಕೊಡಿಸುತ್ತೇವೆ ಎಂದರೆ ಐದು ವರ್ಷದ ರಾಸಾಯನಿಕಕ್ಕೆ ಹಣ ಎಲ್ಲಿದೆ ಎಂದು ಕೇಳಲಿ. ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ಐದು ಪೌಂಡಾದರೂ ಸರಿ, ತಪ್ಪದೆ ಕೊಡಲಿ. ಮಾತ್ರೆ ದಿನಾ ಬೇಕಲ್ಲ. ಅವನು ಅಲ್ಲಿ ಮತ ಹಾಕುವವನಾಗಿದ್ದರೆ ತನ್ನ ಸಂಸದರಿಗೆ ಒಂದು ಪತ್ರವನ್ನೂ ಬರೆಯಲಿ. ಬ್ರಿಟನ್ ಕೂಡ ಈಚೆಗೆ ನೆರವಿನ ಹಣ ಕಡಿತ ಮಾಡುತ್ತಿದೆ.

ಆಫೀಸಿನವರು ಏನು ಉತ್ತರ ಕೊಟ್ಟರು ಎಂದು ನನಗೂ ಒಂದು ಸಾಲು ಬರೆಯಿರಿ. ಸಂಸ್ಥೆಯ ಹೆಸರು ತಿಳಿಸಿದರೆ ಅದರ ವಾರ್ಷಿಕ ಲೆಕ್ಕಪತ್ರ ನೋಡಿ ಹೇಳುತ್ತೇನೆ.